ಮೆಚ್ಚಿದ ಬರಹಗಳನ್ನು ಕಳೆದುಹೋಗದಂತೆ ಕೂಡಿಡುವುದು ಹೇಗೆ?

ತುಂಗಾತೀರ (ತೀರ್ಥಹಳ್ಳಿ) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಸುಮಾರು ಹದಿನಾಲ್ಕು ವರ್ಷಗಳಿಂದ ಅಂತರ್ಜಾಲದಲ್ಲಿ ಓದಿದ ಪ್ರಬಂಧ, ಕವಿತೆ, ಪ್ರವಾಸದ ಟಿಪ್ಪಣಿ, ಅಡುಗೆಮನೆಯ ನೆನಪು, ಯಾರೋ ತಮ್ಮ ಊರಿನ ಕೆರೆಯ ಬಗ್ಗೆ ಬರೆದ ನಾಲ್ಕು ಪ್ಯಾರಾ, ಹೀಗೆ ಮನಸ್ಸಿನಲ್ಲಿ ನಿಂತದ್ದನ್ನೆಲ್ಲ ಬ್ರೌಸರ್‌ನಲ್ಲಿ ಬುಕ್‌ಮಾರ್ಕ್ ಮಾಡುತ್ತ ಬಂದಿದ್ದೇನೆ. ಎಂದಾದರೊಂದು ದಿನ ನಾನೂ ಬರೆಯಬೇಕು, ಆಗ ಇವೆಲ್ಲ ಸ್ಫೂರ್ತಿಯಾಗಿ ಒದಗುತ್ತವೆ ಎಂಬ ಆಸೆ ಒಂದು ಕಡೆ. ಪಠ್ಯಪುಸ್ತಕದ ಆಚೆಗೂ ಒಳ್ಳೆಯ ಗದ್ಯವಿದೆ ಎಂದು ಮಕ್ಕಳಿಗೆ ತೋರಿಸಬೇಕೆಂಬ ಆಸೆ ಇನ್ನೊಂದು ಕಡೆ.

ಈ ವರ್ಷ ಒಂಬತ್ತನೆಯ ತರಗತಿಯವರಿಗೆ ಪ್ರಬಂಧ ಬರೆಯುವುದನ್ನು ಹೇಳಿಕೊಡುವಾಗ, ಬಹಳ ಹಿಂದೆ ಓದಿದ ಒಂದು ಬರಹ ನೆನಪಾಯಿತು. ಅಡಿಕೆ ಕೊಯ್ಲಿನ ದಿನ ಗೊನೆ ಕೊಯ್ಯುವ ಕೊನೆಗಾರ ಮರದಿಂದ ಮರಕ್ಕೆ ದಾಟುತ್ತಿರುತ್ತಾನೆ, ಊರಿನವರೆಲ್ಲ ಕತ್ತೆತ್ತಿ ಅವನನ್ನೇ ನೋಡುತ್ತಿರುತ್ತಾರೆ, ಆದರೆ ಬರೆದವರು ಮಾತ್ರ ಹಗ್ಗದಲ್ಲಿ ಜಾರಿ ಬರುವ ಅಡಿಕೆ ಗೊನೆಯನ್ನು ಕೆಳಗೆ ನಿಂತು ಹಿಡಿಯುವ ತಮ್ಮ ತಂದೆಯ ಅಂಗೈಗಳನ್ನಷ್ಟೇ ವರ್ಣಿಸುತ್ತಾರೆ. ಎಲ್ಲರೂ ನೋಡುವುದನ್ನು ಬಿಟ್ಟು ಬೇರೊಂದು ಕಡೆ ಕಣ್ಣು ನೆಡುವುದು ಹೇಗೆ ಎಂದು ಮಕ್ಕಳಿಗೆ ತಿಳಿಸಲು ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಕೊಂಡಿಯನ್ನು ಹುಡುಕಿ ಒತ್ತಿದರೆ ಯಾವುದೋ ಜಾಹೀರಾತಿನ ಪುಟ ತೆರೆದುಕೊಂಡಿತು. ಅಂದು ಸಂಜೆ ಕುಳಿತು ಹಳೆಯ ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಮೊದಲ ಕೆಲವು ವರ್ಷಗಳಲ್ಲಿ ಉಳಿಸಿಕೊಂಡವುಗಳಲ್ಲಿ ಅರ್ಧದಷ್ಟು ಸತ್ತಿವೆ. ಬದುಕಿರುವ ಹಲವನ್ನು ಯಾವ ಕಾರಣಕ್ಕೆ ಉಳಿಸಿಕೊಂಡೆನೆಂಬುದೇ ನನಗೆ ನೆನಪಾಗಲಿಲ್ಲ.

ಬುಕ್‌ಮಾರ್ಕ್‌ಗಳ ಹೊರಗೂ ಸಾಕಷ್ಟು ಚೆಲ್ಲಾಪಿಲ್ಲಿಯಾಗಿ ಬಿದ್ದಿದೆ. ಫೇಸ್‌ಬುಕ್‌ನಲ್ಲಿ ಸೇವ್ ಮಾಡಿದ್ದು, ವಾಟ್ಸಾಪ್‌ನಲ್ಲಿ ನಕ್ಷತ್ರದ ಗುರುತು ಹಾಕಿದ್ದು, ಮದುವೆ ಮುಂಜಿಗಳ ಫೋಟೋಗಳ ನಡುವೆ ಸಿಕ್ಕಿಕೊಂಡಿರುವ ಸ್ಕ್ರೀನ್‌ಶಾಟ್‌ಗಳು. ಇವನ್ನೆಲ್ಲ ಒಂದೆಡೆ ತರಬೇಕೆಂದು ನಿಶ್ಚಯಿಸಿದ್ದೇನೆ. ಯಾವ ರೂಪದಲ್ಲಿ ಇಟ್ಟರೆ ಇನ್ನೂ ಇಪ್ಪತ್ತು ವರ್ಷ ಉಳಿಯುತ್ತದೆ? ಬರಹದ ಜೊತೆಗೆ ಇನ್ನೇನನ್ನು ಬರೆದಿಟ್ಟುಕೊಳ್ಳಬೇಕು? ಬೇಕಾದಾಗ ಬೇಕಾದದ್ದು ಕೈಗೆ ಸಿಗುವಂತೆ ಹೇಗೆ ಜೋಡಿಸಬೇಕು? ಬೇರೆಯವರ ಬರಹವನ್ನು ಹೀಗೆ ಪೂರ್ತಿಯಾಗಿ ನಕಲು ಮಾಡಿಟ್ಟುಕೊಳ್ಳುವುದು ಸರಿಯೇ ಎಂಬ ಅಳುಕೂ ಇದೆ. ಈ ಕೆಲಸವನ್ನು ಮಾಡಿದವರು ತಮ್ಮ ಅನುಭವ ಹೇಳಿದರೆ ಉಪಕಾರವಾಗುತ್ತದೆ.

ಓಲೆಗರಿ (ಧಾರವಾಡ):

ತುಂಗಾತೀರ ಅವರಿಗೆ ನಮಸ್ಕಾರ. ನಾನು ಮೂವತ್ತು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಯಾವ ರೂಪದಲ್ಲಿ ಇಡಬೇಕೆಂಬುದಕ್ಕೆ ನನಗಿಂತ ಚೆನ್ನಾಗಿ ಉತ್ತರಿಸುವವರು ಇಲ್ಲಿದ್ದಾರೆ. ಬರಹದ ಜೊತೆಗೆ ಏನನ್ನು ಬರೆದಿಡಬೇಕೆಂಬುದರ ಬಗ್ಗೆ ಮಾತ್ರ ನನಗೆ ಬಲವಾದ ಅಭಿಪ್ರಾಯವಿದೆ.

ನೀವು ಹದಿನಾಲ್ಕು ವರ್ಷ ಕೂಡಿಟ್ಟದ್ದು ಮನೆಗಳ ವಿಳಾಸವನ್ನು. ಮನೆಯವರು ಊರು ಬಿಡುವಾಗ ನಿಮಗೆ ಹೇಳಿ ಹೋಗುವುದಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿದ್ದ ಜಾಲಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷಗಳ ನಂತರ ತೆರೆಯುತ್ತಿರಲಿಲ್ಲ. ದೊಡ್ಡ ಸಂಸ್ಥೆಗಳ ಆಸರೆಯಲ್ಲಿದ್ದರೆ ಭದ್ರವೆಂದು ಭಾವಿಸುವಂತೆಯೂ ಇಲ್ಲ: ಜನರ ಸ್ವಂತ ಜಾಲಪುಟಗಳಿಗೆ ಜಾಗ ಕೊಟ್ಟಿದ್ದ ಜಿಯೋಸಿಟೀಸ್ 2009ರಲ್ಲಿ, ಬ್ಲಾಗುಗಳನ್ನು ಒಂದೆಡೆ ಓದಲು ಇದ್ದ ಗೂಗಲ್ ರೀಡರ್ 2013ರಲ್ಲಿ, ಸಾಮಾಜಿಕ ಜಾಲತಾಣವಾಗಿದ್ದ ಆರ್ಕುಟ್ 2014ರಲ್ಲಿ, ಚರ್ಚೆಯ ಗುಂಪುಗಳಿದ್ದ ಯಾಹೂ ಗ್ರೂಪ್ಸ್ 2020ರಲ್ಲಿ ಬಾಗಿಲು ಹಾಕಿದವು, ಓದಬೇಕಾದದ್ದನ್ನು ಉಳಿಸಿಕೊಳ್ಳಲೆಂದೇ ಇದ್ದ ಪಾಕೆಟ್ ಕೂಡ 2025ರ ಜುಲೈನಲ್ಲಿ ನಿಂತಿತು. ಆದ್ದರಿಂದ ಮೆಚ್ಚಿದ ಬರಹದ ಪೂರ್ತಿ ಪಠ್ಯವೇ ನಿಮ್ಮ ಬಳಿ ಇರಬೇಕು. ಕೊಂಡಿಯನ್ನೂ ಬರೆದಿಡಿ, ಆದರೆ ಅದನ್ನೇ ನಂಬಬೇಡಿ.

ಪಠ್ಯವಷ್ಟೇ ಉಳಿದರೂ ಸಾಲದು ಎಂಬುದಕ್ಕೆ ನಮ್ಮದೇ ಸಾಹಿತ್ಯದಲ್ಲಿ ಎಂಟುನೂರು ವರ್ಷ ಹಳೆಯ ಸಾಕ್ಷಿಯಿದೆ. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ವ್ಯಾಕರಣಕಾರ ಕೇಶಿರಾಜನ ತಂದೆಯಾದ ಮಲ್ಲಿಕಾರ್ಜುನನು ತನಗಿಂತ ಹಿಂದಿನ ಕವಿಗಳ ಪದ್ಯಗಳನ್ನು ಆಯ್ದು ‘ಸೂಕ್ತಿಸುಧಾರ್ಣವ’ ಎಂಬ ಸಂಕಲನವನ್ನು ಮಾಡಿದನು. ಸಮುದ್ರ, ಪರ್ವತ, ಪಟ್ಟಣ, ಚಂದ್ರೋದಯ, ಋತುಗಳು ಎಂದು ಕಾವ್ಯದ ಅಷ್ಟಾದಶ (ಹದಿನೆಂಟು) ವರ್ಣನೆಗಳ ಕ್ರಮದಲ್ಲಿ ಅದನ್ನು ಜೋಡಿಸಿದ್ದಾನೆ. ನೀವು ಬುಕ್‌ಮಾರ್ಕ್ ಮಾಡುತ್ತಿರುವುದು ಯಾವ ಆಸೆಯಿಂದಲೋ ಅವನು ಓಲೆಗರಿಯ ಮೇಲೆ ಬರೆಯಿಸಿದ್ದೂ ಬಹುಶಃ ಅದೇ ಆಸೆಯಿಂದ. ಹಳಗನ್ನಡದ ಕವಿ ಒಂದನೆಯ ಗುಣವರ್ಮನ ಕಾವ್ಯಗಳು ನಮಗೆ ಪೂರ್ತಿಯಾಗಿ ದೊರೆತಿಲ್ಲ. ಅಂಥ ಕಾವ್ಯಗಳ ಬಿಡಿ ಪದ್ಯಗಳು ಉಳಿದುಬಂದದ್ದು ಇಂತಹ ಸಂಕಲನಗಳಿಂದ, ವ್ಯಾಕರಣ ಮತ್ತು ಅಲಂಕಾರ ಗ್ರಂಥಗಳ ಉದಾಹರಣೆಗಳಿಂದ. ಇಷ್ಟರಮಟ್ಟಿಗೆ ಆಯ್ದಿಟ್ಟವರ ಋಣ ನಮ್ಮ ಮೇಲಿದೆ. ಆದರೆ ಸೂಕ್ತಿಸುಧಾರ್ಣವದ ಅನೇಕ ಪದ್ಯಗಳು ಯಾವ ಕವಿಯವು, ಯಾವ ಕಾವ್ಯದವು ಎಂಬುದು ಇಂದಿಗೂ ತಿಳಿದಿಲ್ಲ. ಪದ್ಯವಿದೆ, ಸೊಗಸಿದೆ, ಬರೆದವನು ಇಲ್ಲ. ನನಗೆ ಇದು ಪ್ರತಿ ಸಲವೂ ನೋವಿನ ಸಂಗತಿಯಾಗಿ ಕಾಣುತ್ತದೆ.

ಇದಕ್ಕೆ ಎದುರಾಗಿ ವಚನಗಳನ್ನು ನೋಡಿ. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತಲೇ ತಾಳೆಗರಿಯ ಕಟ್ಟುಗಳನ್ನು ಹುಡುಕಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಶತಮಾನಗಳ ಕಾಲ ಎಷ್ಟೋ ಕೈಗಳನ್ನು ದಾಟಿ ಬಂದ ಆ ವಚನಗಳಲ್ಲಿ ಬಹುಪಾಲಿನ ಕರ್ತೃವನ್ನು ಗುರುತಿಸಲು ಸಾಧ್ಯವಾದದ್ದು ಅಂಕಿತದಿಂದ. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಹೆಸರು ಪಠ್ಯದ ಒಳಗೇ ಹೆಣೆದುಕೊಂಡಿದ್ದರಿಂದ, ನಕಲು ಮಾಡಿದವನು ಮರೆತರೂ ಅದು ಕಳಚಿಹೋಗಲಿಲ್ಲ.

ಈಗ ನಾವು ಓದುವ ಬರಹಗಳಿಗೆ ಅಂಕಿತವಿಲ್ಲ. ವಾಟ್ಸಾಪ್‌ನಲ್ಲಿ ಮೂರು ಕೈ ದಾಟುವಷ್ಟರಲ್ಲಿ ಲೇಖಕರ ಹೆಸರು ಉದುರಿ ‘ಕೃಪೆ: ಅಂತರ್ಜಾಲ’ ಎಂದಾಗುತ್ತದೆ, ಇಲ್ಲವೇ ಯಾವುದೋ ಪ್ರಸಿದ್ಧ ಕವಿಯ ಹೆಸರು ಬಂದು ಅಂಟಿಕೊಳ್ಳುತ್ತದೆ. ಆದ್ದರಿಂದ ನೀವು ಉಳಿಸುವ ಪ್ರತಿಯೊಂದು ಬರಹಕ್ಕೂ ನೀವೇ ಅಂಕಿತ ಹಾಕಿ. ಬರೆದವರ ಹೆಸರು, ಪ್ರಕಟವಾದ ತಾಣ, ಪ್ರಕಟವಾದ ದಿನಾಂಕ, ನೀವು ಉಳಿಸಿಕೊಂಡ ದಿನಾಂಕ, ಇವಿಷ್ಟನ್ನು ಪಠ್ಯದ ತಲೆಯ ಮೇಲೆ, ಅದೇ ಕಡತದ ಒಳಗೆ ಬರೆಯಿರಿ. ಬೇರೆ ಪಟ್ಟಿಯಲ್ಲಿ ಬರೆದರೆ ಪಟ್ಟಿಯೂ ಪಠ್ಯವೂ ಒಂದಲ್ಲ ಒಂದು ದಿನ ಬೇರೆಬೇರೆ ದಾರಿ ಹಿಡಿಯುತ್ತವೆ. ಹೆಸರು ತಿಳಿಯದಿದ್ದರೆ ‘ಕರ್ತೃ ತಿಳಿದಿಲ್ಲ’ ಎಂದು ಸ್ಪಷ್ಟವಾಗಿ ಬರೆಯಿರಿ. ಊಹೆಯನ್ನು ಎಂದಿಗೂ ಹೆಸರಿನ ಜಾಗದಲ್ಲಿ ಬರೆಯಬೇಡಿ.

ಕೊನೆಯದಾಗಿ ನಿಮ್ಮ ಮಾತಿನಲ್ಲಿ ಒಂದು ಸಾಲು: ಇದು ನನ್ನನ್ನು ಹಿಡಿದು ನಿಲ್ಲಿಸಿದ್ದು ಏಕೆ? ‘ಚೆನ್ನಾಗಿದೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ತಂದೆಯ ಅಂಗೈಗಳನ್ನಷ್ಟೇ ವರ್ಣಿಸುತ್ತಾರೆ’ ಎಂದು ಈಗ ಬರೆದಿರಲ್ಲ, ಅಂಥ ಸಾಲು ಬೇಕು. ಅದನ್ನು ಓದಿದ ದಿನವೇ ಬರೆಯಬೇಕು, ಏಕೆಂದರೆ ಒಂದು ವಾರ ಕಳೆದರೆ ಬರಹ ನೆನಪಿರುತ್ತದೆ, ಕಾರಣ ಮಸುಕಾಗಿರುತ್ತದೆ.

ಜೋಡಣೆಯ ವಿಷಯದಲ್ಲಿ, ವಿಷಯವಾರು ಹತ್ತು ಹನ್ನೆರಡು ಶೀರ್ಷಿಕೆಗಳು ಸಾಕು ಎಂಬುದು ನನ್ನ ಅಭಿಪ್ರಾಯ. ‘ಓದುಗನ ಸಮಯವನ್ನು ಉಳಿಸು’ ಎಂಬುದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಗಳಿಗಾಗಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ಇಲ್ಲಿ ಓದುಗರು ನೀವೇ.

ಅಚ್ಚುಮೊಳೆ (ಮೈಸೂರು):

ಓಲೆಗರಿಯವರು ಬಿಟ್ಟಲ್ಲಿಂದ ಮುಂದುವರಿಸುತ್ತೇನೆ. ನಾನು ಮೊದಲು ಡಿಟಿಪಿ ಮಾಡುತ್ತಿದ್ದೆ, ಈಗ ತಂತ್ರಾಂಶದ ಕೆಲಸದಲ್ಲಿದ್ದೇನೆ. ಕನ್ನಡದ ಪಠ್ಯವನ್ನು ದೀರ್ಘಕಾಲ ಉಳಿಸುವುದರಲ್ಲಿ ಇಂಗ್ಲಿಷಿಗೆ ಇಲ್ಲದ ಕೆಲವು ತೊಡಕುಗಳಿವೆ. ಸಾಮಾನ್ಯ ಸಲಹೆಗಳನ್ನು ಕೊಡುವವರು ಇವುಗಳ ಬಗ್ಗೆ ಹೇಳುವುದಿಲ್ಲ.

ಮೊದಲಿಗೆ ರೂಪ. ಪ್ರತಿ ಬರಹವನ್ನೂ ಸಾದಾ ಪಠ್ಯದ ಕಡತವಾಗಿ, ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರಸಂಕೇತವಾದ ಯೂನಿಕೋಡ್‌ನಲ್ಲಿ ಇಡಿ. ಸಾದಾ ಪಠ್ಯವನ್ನು ತೆರೆಯಲು ಯಾವ ಸಂಸ್ಥೆಯ ತಂತ್ರಾಂಶವೂ ಬೇಕಿಲ್ಲ, ಆದ್ದರಿಂದ ಯಾವ ಸಂಸ್ಥೆ ಮುಚ್ಚಿದರೂ ಅದು ಓದಲು ಸಿಗುತ್ತದೆ. ಕಡತದ ಹೆಸರನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಆರಂಭಿಸಿ, ಉದಾಹರಣೆಗೆ ‘2012-11-04 ಅಡಿಕೆ ಕೊಯ್ಲು’ ಎಂದು. ಆಗ ಕಂಪ್ಯೂಟರ್ ತಾನಾಗಿಯೇ ಅವನ್ನು ಕಾಲಾನುಕ್ರಮದಲ್ಲಿ ನಿಲ್ಲಿಸುತ್ತದೆ. ಚಿತ್ರಗಳು ಮುಖ್ಯವಾಗಿರುವ ಬರಹಗಳಿಗೆ ಇಡೀ ಪುಟವನ್ನು ಒಂದೇ ಕಡತವಾಗಿ ಉಳಿಸುವ ಸಿಂಗಲ್‌ಫೈಲ್ ಎಂಬ ಉಚಿತ ಬ್ರೌಸರ್ ವಿಸ್ತರಣೆಯಿದೆ. ಎಲ್ಲವನ್ನೂ ಕಂಪ್ಯೂಟರ್‌ನಲ್ಲಿ ಒಂದು ಪ್ರತಿ, ಹಾರ್ಡ್ ಡಿಸ್ಕ್‌ನಲ್ಲಿ ಒಂದು ಪ್ರತಿ, ಮನೆಯ ಹೊರಗೆ ಇನ್ನೊಂದು ಪ್ರತಿ ಎಂದು ಇಟ್ಟರೆ ಅಷ್ಟರಮಟ್ಟಿಗೆ ನಿಶ್ಚಿಂತೆ.

ಹಳೆಯ ಬರಹಗಳಲ್ಲಿ ಒಂದು ದೊಡ್ಡ ಸಮಸ್ಯೆ ಎದುರಾಗುತ್ತದೆ. ಯೂನಿಕೋಡ್ ಎಲ್ಲೆಡೆ ಬಳಕೆಗೆ ಬರುವ ಮುನ್ನ ‘ಬರಹ’, ‘ನುಡಿ’ ಮುಂತಾದ ತಂತ್ರಾಂಶಗಳ ಫಾಂಟ್‌ಗಳಲ್ಲಿ ಅಚ್ಚುಮಾಡಿದ ಪಠ್ಯ ನೋಡಲು ಕನ್ನಡವಾದರೂ ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಂದಕ್ಷರವೂ ಓದಲಾಗುವುದಿಲ್ಲ, ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಅಂಥದ್ದು ನಿಮ್ಮ ಬಳಿ ಇದ್ದರೆ ಪರಿವರ್ತಕ ತಂತ್ರಾಂಶದಿಂದ ಈಗಲೇ ಯೂನಿಕೋಡ್‌ಗೆ ಬದಲಾಯಿಸಿ, ಬದಲಾಯಿಸಿದ ಮೇಲೆ ಒಮ್ಮೆ ಕಣ್ಣಾರೆ ಓದಿ. ಒತ್ತಕ್ಷರಗಳಲ್ಲಿ ಮತ್ತು ಅರ್ಕಾವತ್ತಿನಲ್ಲಿ ತಪ್ಪುಗಳು ಉಳಿಯುವುದು ಸಾಮಾನ್ಯ.

ಯೂನಿಕೋಡ್‌ನಲ್ಲೇ ಇರುವ ಪಠ್ಯವೂ ಹುಡುಕಾಟಕ್ಕೆ ಸಿಗದಿರಬಹುದು. ಮೊದಲ ದಿನಗಳಲ್ಲಿ ಎಷ್ಟೋ ಜನ ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತುತ್ತಿದ್ದರು. ಕಣ್ಣಿಗೆ ಎರಡೂ ದುಂಡಗೆ ಕಾಣುತ್ತವೆ, ಆದರೆ ಯಂತ್ರಕ್ಕೆ ‘ತುಂಗಾ’ ಬೇರೆ, ನಡುವೆ ಸೊನ್ನೆಯಿರುವ ‘ತು೦ಗಾ’ ಬೇರೆ. ‘ಫೇಸ್‌ಬುಕ್’ ಎಂಬಂಥ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವಿರುತ್ತದೆ. ಅದನ್ನು ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಓತ್ವದ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿಬಿಡಿ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ವ್ಯತ್ಯಾಸವೇ ಇಲ್ಲ. ಆದ್ದರಿಂದ ಉಳಿಸಿಕೊಂಡ ಕೂಡಲೇ ಸೊನ್ನೆಗಳನ್ನು ಅನುಸ್ವಾರವಾಗಿ ಬದಲಾಯಿಸಿಬಿಡಿ. ಮೂಲವನ್ನು ತಿದ್ದಬಾರದೆಂಬ ನಿಲುವಿನವರು ಬದಲಾಯಿಸದ ಒಂದು ಪ್ರತಿಯನ್ನೂ ಇಟ್ಟುಕೊಳ್ಳಬಹುದು. ನಾನು ಹಾಗೆಯೇ ಮಾಡುತ್ತೇನೆ.

ಹುಡುಕುವಾಗ ಪದದ ಕೊನೆಯ ಸ್ವರವನ್ನು ಬಿಟ್ಟು ಹುಡುಕುವುದು ಒಳ್ಳೆಯದು. ‘ಊರು’ ಎಂದು ಹುಡುಕಿದರೆ ‘ಊರಿನ’, ‘ಊರಲ್ಲಿ’ ಎಂಬವು ಸಿಗುವುದಿಲ್ಲ. ‘ಊರ’ ಎಂದಷ್ಟೇ ಒತ್ತಿದರೆ ಸಾಮಾನ್ಯವಾಗಿ ಮೂರೂ ಸಿಗುತ್ತವೆ. ನಮ್ಮ ವಿಭಕ್ತಿ ಪ್ರತ್ಯಯಗಳ ಸ್ವಭಾವವನ್ನು ಅರಿತು ಹುಡುಕಿದರೆ ಪ್ರತಿ ಬರಹಕ್ಕೂ ಹತ್ತಾರು ಟ್ಯಾಗ್‌ಗಳನ್ನು ಅಂಟಿಸುವ ಶ್ರಮ ಬೇಕಾಗುವುದಿಲ್ಲ.

ಸತ್ತ ಕೊಂಡಿಗಳ ಬಗ್ಗೆ ಒಂದು ಮಾತು. ಅವನ್ನು ಅಳಿಸಬೇಡಿ. 1996ರಲ್ಲಿ ಆರಂಭವಾದ ಇಂಟರ್ನೆಟ್ ಆರ್ಕೈವ್ ಎಂಬ ಲಾಭರಹಿತ ಸಂಸ್ಥೆ ಜಾಲಪುಟಗಳ ಪ್ರತಿಗಳನ್ನು ಉಳಿಸುತ್ತ ಬಂದಿದೆ, 2001ರಿಂದ ಅದರ ವೇಬ್ಯಾಕ್ ಮಷೀನ್ ಎಲ್ಲರಿಗೂ ತೆರೆದಿದೆ. ಹಳೆಯ ಕೊಂಡಿಯನ್ನು ಅಲ್ಲಿ ಹಾಕಿದರೆ ಆ ಪುಟದ ಪ್ರತಿ ಇದ್ದಲ್ಲಿ ದಿನಾಂಕದ ಸಮೇತ ತೋರಿಸುತ್ತದೆ. ಎಲ್ಲವೂ ಸಿಗುತ್ತದೆಂದು ಭರವಸೆ ಕೊಡಲಾರೆ, ಆದರೆ ಅಡಿಕೆ ಕೊಯ್ಲಿನ ಬರಹವನ್ನು ಖಂಡಿತ ಅಲ್ಲಿ ಹುಡುಕಿ ನೋಡಿ. ಇನ್ನು ಮುಂದೆ ಏನಾದರೂ ಮೆಚ್ಚಿದರೆ ಅದರ ಕೊಂಡಿಯನ್ನು ನೀವೇ ಅಲ್ಲಿಗೆ ಕೊಟ್ಟು ಒಂದು ಪ್ರತಿ ಉಳಿಸುವಂತೆ ಮಾಡಲೂ ಬರುತ್ತದೆ. ಆಗ ನಿಮ್ಮೊಬ್ಬರಿಗಲ್ಲದೆ ಇತರರಿಗೂ ಅದು ಉಳಿಯುತ್ತದೆ. ಲಾಗಿನ್ ಆಗಿ ಓದಬೇಕಾದ ಫೇಸ್‌ಬುಕ್ ಬರಹಗಳಿಗೆ ಇದು ಒದಗುವುದಿಲ್ಲ. ಅವನ್ನು ಕೈಯಾರೆ ನಕಲು ಮಾಡಿಯೇ ಇಟ್ಟುಕೊಳ್ಳಬೇಕು.

ಬಯಲುಸೀಮೆ (ಚಿತ್ರದುರ್ಗ):

ಇಷ್ಟೆಲ್ಲ ವಿವರಗಳ ನಡುವೆ ಒಂದು ಸಣ್ಣ ಮಾತು. ಬರಹ ಮೆಚ್ಚುಗೆಯಾದ ದಿನವೇ ಬರೆದವರಿಗೆ ಎರಡು ಸಾಲು ಬರೆಯಿರಿ. ನಾನು ಆರು ವರ್ಷ ತಪ್ಪದೆ ಓದಿದ ಒಂದು ಬ್ಲಾಗನ್ನು ಬರೆಯುತ್ತಿದ್ದವರು ಒಂದು ದಿನ ಪೂರ್ತಿಯಾಗಿ ಅಳಿಸಿಹಾಕಿದರು. ಯಾರೂ ಓದುತ್ತಿಲ್ಲವೆಂದು ತಿಳಿದು ಹಾಗೆ ಮಾಡಿದರೆಂದು ಆಮೇಲೆ ಪರಿಚಿತರೊಬ್ಬರಿಂದ ಗೊತ್ತಾಯಿತು. ಆರು ವರ್ಷದಲ್ಲಿ ನಾನು ಒಮ್ಮೆಯೂ ಅಲ್ಲಿ ಪ್ರತಿಕ್ರಿಯೆ ಬರೆದಿರಲಿಲ್ಲ. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಹಾಡಿನ ಪುಸ್ತಕ (ಮೆಲ್ಬರ್ನ್):

ಓಲೆಗರಿ ಅವರ ಅಂಕಿತದ ಮಾತು ನನಗೆ ಬಹಳ ಹಿಡಿಸಿತು. ಜೋಡಣೆಯ ವಿಷಯದಲ್ಲಿ ಮಾತ್ರ ಅವರೊಂದಿಗೆ ಗೌರವದಿಂದಲೇ ಭಿನ್ನಾಭಿಪ್ರಾಯ ಹೇಳಬೇಕೆನಿಸುತ್ತದೆ.

ನನ್ನ ಅಜ್ಜಿಯ ಬಳಿ ಒಂದು ಹಾಡಿನ ಪುಸ್ತಕವಿತ್ತು. ನಿಮ್ಮಲ್ಲಿ ಅನೇಕರ ಮನೆಗಳಲ್ಲೂ ಇಂಥದ್ದೊಂದು ಇದ್ದಿರುತ್ತದೆ: ಗೀಟು ಹಾಕಿದ ನೋಟ್‌ಬುಕ್, ನೀಲಿ ಶಾಯಿ, ಎಣ್ಣೆಯ ಬೆರಳಿನ ಗುರುತು, ನಡುವೆ ಒಣಗಿದ ಒಂದು ಹೂವಿನ ಎಸಳು. ಅಜ್ಜಿ ಅದನ್ನು ದೇವರ ಹೆಸರಿನ ಪ್ರಕಾರವಾಗಲಿ, ದಾಸರ ಪ್ರಕಾರವಾಗಲಿ, ಅಕಾರಾದಿಯಾಗಲಿ ಜೋಡಿಸಿರಲಿಲ್ಲ. ಹಸೆಗೆ ಕರೆಯುವಾಗ ಹೇಳುವ ಹಾಡು, ಆರತಿಯ ಹಾಡು, ತೊಟ್ಟಿಲಿಗೆ ಹಾಕುವಾಗ ಹೇಳುವ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು, ಶುಕ್ರವಾರದ ಹಾಡು, ಹೀಗೆ ಯಾವ ಹೊತ್ತಿಗೆ ಯಾವುದು ಬೇಕೋ ಆ ಪ್ರಕಾರ ಜೋಡಿಸಿದ್ದರು. ಹಾಡಿನ ಕೆಳಗೆ ‘ಸಾಗರದ ಅತ್ತಿಗೆ ಹೇಳಿಕೊಟ್ಟದ್ದು’, ‘ಕಮಲತ್ತೆಯ ಮದುವೆಯಲ್ಲಿ ಕಲಿತದ್ದು’ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಿತ್ತು. ಯಾರಾದರೂ ಹೊಸಿಲು ದಾಟಿ ಒಳಗೆ ಬಂದು ಆರತಿ ಎತ್ತುವ ಹೊತ್ತಾಯಿತು ಎಂದರೆ ಅಜ್ಜಿಗೆ ಪುಟ ತೆರೆಯಲು ಒಂದು ಗಳಿಗೆಯೂ ಬೇಕಾಗುತ್ತಿರಲಿಲ್ಲ.

ನಾನು ಮೊದಲು ನನ್ನ ಸಂಗ್ರಹವನ್ನು ‘ಪ್ರಬಂಧ’, ‘ಪರಿಸರ’, ‘ಭಾಷೆ’, ‘ವ್ಯಕ್ತಿಚಿತ್ರ’ ಎಂದು ವಿಂಗಡಿಸಿದ್ದೆ. ಆ ಫೋಲ್ಡರ್‌ಗಳನ್ನು ವರ್ಷಕ್ಕೊಮ್ಮೆಯೂ ತೆರೆಯಲಿಲ್ಲ, ಏಕೆಂದರೆ ಇವತ್ತು ಪರಿಸರದ ಬಗ್ಗೆ ಓದಬೇಕು ಎಂದು ಯಾರಿಗೂ ಅನಿಸುವುದಿಲ್ಲ. ಅಜ್ಜಿಯ ಪುಸ್ತಕ ನೆನಪಾದ ಮೇಲೆ ಹೊತ್ತಿನ ಪ್ರಕಾರ ಬದಲಾಯಿಸಿದೆ. ‘ಬರೆಯಲು ಕುಳಿತಾಗ ಮೊದಲ ಸಾಲು ಹೊಳೆಯದಿದ್ದರೆ’ ಎಂಬುದರಲ್ಲಿ ಒಳ್ಳೆಯ ಆರಂಭವಿರುವ ಬರಹಗಳಿವೆ. ‘ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಲು’ ಎಂಬುದು ಎಲ್ಲಕ್ಕಿಂತ ದಪ್ಪವಾದದ್ದು. ಭಾನುವಾರ ಇಲ್ಲಿ ಸಂಜೆಯಾದಾಗ ಅಲ್ಲಿ ಮಧ್ಯಾಹ್ನ, ಅಮ್ಮ ಊಟ ಮುಗಿಸಿ ಕುಳಿತಿರುತ್ತಾರೆ. ‘ಊರು ಬಿಟ್ಟದ್ದು ಸರಿಯೇ ಎಂದು ಅನಿಸಿದಾಗ’ ಎಂಬುದನ್ನು ಬೇರೆಯವರಿಗೆ ತೋರಿಸುವುದಿಲ್ಲ. ತುಂಗಾತೀರ ಸರ್, ನೀವು ಮೇಷ್ಟರು. ‘ಕಣ್ಣು ಎಲ್ಲಿ ನೆಡಬೇಕೆಂದು ಮಕ್ಕಳಿಗೆ ತೋರಿಸಲು’ ಎಂಬ ಒಂದು ಶೀರ್ಷಿಕೆಯನ್ನು ನಿಮ್ಮ ಪ್ರಶ್ನೆಯಲ್ಲಿ ನೀವೇ ಬರೆದಿದ್ದೀರಿ.

ನನ್ನ ಇನ್ನೊಂದು ಅಭ್ಯಾಸವನ್ನು ಎಲ್ಲರೂ ಒಪ್ಪಲಾರರು. ನಾನು ನೂರಕ್ಕಿಂತ ಹೆಚ್ಚು ಬರಹಗಳನ್ನು ಇಟ್ಟುಕೊಳ್ಳುವುದಿಲ್ಲ. ಪ್ರತಿ ಯುಗಾದಿಯ ಆಸುಪಾಸಿನ ವಾರದಲ್ಲಿ ಎಲ್ಲವನ್ನೂ ಮತ್ತೆ ಓದುತ್ತೇನೆ, ಈಗ ಏನೂ ಹೇಳದಂಥವನ್ನು ಹೊರಗಿಡುತ್ತೇನೆ. ಹೊರಗಿಡುವಾಗ ನಾನು ಬದಲಾಗಿರುವುದು ನನಗೆ ಕಾಣುತ್ತದೆ. ಹತ್ತು ವರ್ಷದ ಹಿಂದೆ ಅಲಂಕಾರ ತುಂಬಿದ ಗದ್ಯ ಇಷ್ಟವಾಗುತ್ತಿತ್ತು. ಈಗ ಉಳಿದಿರುವವುಗಳಲ್ಲಿ ಹೆಚ್ಚಿನವು ಸರಳವಾದವು, ಒಂದು ಕೆಲಸವನ್ನು ಹೇಗೆ ಮಾಡುತ್ತಾರೆ ಎಂದು ವಿವರವಾಗಿ ಹೇಳುವಂಥವು. ಇಷ್ಟವಾದ ಒಂದೊಂದು ಪ್ಯಾರಾವನ್ನು ಕೈಯಲ್ಲಿ ಬರೆದುಕೊಳ್ಳುವುದೂ ಉಂಟು. ಬೆರಳು ಒಬ್ಬರ ವಾಕ್ಯದ ಜೊತೆ ನಡೆದಾಗ, ಅವರು ಎಲ್ಲಿ ತಡೆದರು, ಎಲ್ಲಿ ಕ್ರಿಯಾಪದವನ್ನು ಮುಂದೂಡಿದರು, ಎಲ್ಲಿ ಒಂದು ‘ಆದರೆ’ಯನ್ನು ಬೇಕೆಂದೇ ಬಿಟ್ಟರು ಎಂಬುದು ತಿಳಿಯುತ್ತದೆ. ಕಾಪಿ ಪೇಸ್ಟ್ ಮಾಡಿದಾಗ ಇದಾವುದೂ ತಿಳಿಯುವುದಿಲ್ಲ.

ಓಲೆಗರಿ (ಧಾರವಾಡ):

ಮೆಲ್ಬರ್ನಿನ ಸೋದರಿ ಹೇಳಿದ ಜೋಡಣೆ ನನ್ನದಕ್ಕಿಂತ ಉತ್ತಮ, ಒಪ್ಪಿದೆ. ಗ್ರಂಥಾಲಯದ ಕ್ರಮವಿರುವುದು ಅಪರಿಚಿತರಾದ ಸಾವಿರಾರು ಓದುಗರಿಗಾಗಿ. ಒಬ್ಬರೇ ಬಳಸುವ ಸಂಗ್ರಹಕ್ಕೆ ಬಳಸುವವರ ಹೊತ್ತೇ ಸರಿಯಾದ ಕ್ರಮ. ನೂರಕ್ಕೆ ಮಿತಿ ಹಾಕುವುದನ್ನು ಮಾತ್ರ ನನ್ನ ವೃತ್ತಿಯ ಮನಸ್ಸು ಒಪ್ಪುತ್ತಿಲ್ಲ. ಹೊರಗಿಟ್ಟದ್ದನ್ನು ಅಳಿಸದೆ ‘ಅಟ್ಟ’ ಎಂಬ ಹೆಸರಿನ ಬೇರೆ ಫೋಲ್ಡರ್‌ನಲ್ಲಿ ಹಾಕಿಡಿ ಎಂದು ಕೇಳಿಕೊಳ್ಳುತ್ತೇನೆ. ಬರೆದವರು ತಾವೇ ಕಳೆದುಕೊಂಡ ಬರಹದ ಕೊನೆಯ ಪ್ರತಿ ನಿಮ್ಮ ಬಳಿ ಇದ್ದಿರಬಹುದು.

ನಕಲು ಮಾಡುವುದು ಸರಿಯೇ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಖಾಸಗಿ ಅಥವಾ ವೈಯಕ್ತಿಕ ಬಳಕೆಗಾಗಿ, ಸಂಶೋಧನೆಯೂ ಸೇರಿದಂತೆ, ನ್ಯಾಯೋಚಿತವಾಗಿ ಬಳಸುವುದನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಪ್ರತಿ ಮಾಡುವುದಕ್ಕೂ ಅದೇ ಕಲಮಿನಲ್ಲಿ ಅವಕಾಶವಿದೆ. ಆದರೆ ನಿಮ್ಮ ಸಂಗ್ರಹವನ್ನು ಜಾಲತಾಣವಾಗಿ ತೆರೆದಿಡುವುದು, ಪುಸ್ತಕವಾಗಿ ಹಂಚುವುದು ಬೇರೆಯೇ ಸಂಗತಿ. ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ನಂತರದ 60 ವರ್ಷ ಹಕ್ಕು ಅವರಲ್ಲಿ ಅಥವಾ ಅವರ ವಾರಸುದಾರರಲ್ಲಿ ಇರುತ್ತದೆ, ಆದ್ದರಿಂದ ಅನುಮತಿ ಕೇಳಲೇಬೇಕು. ತರಗತಿಯಲ್ಲಿ ಓದುವಾಗಲೂ ಲೇಖಕರ ಹೆಸರನ್ನು ಮೊದಲು ಹೇಳಿ.

ತುಂಗಾತೀರ (ತೀರ್ಥಹಳ್ಳಿ):

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಏನನ್ನಾದರೂ ಮಾಡಿಯೇ ಬರೆಯಬೇಕೆಂದು ಕಾದಿದ್ದೆ.

ಅಚ್ಚುಮೊಳೆ ಅವರು ಹೇಳಿದಂತೆ ಸತ್ತ ಕೊಂಡಿಯನ್ನು ವೇಬ್ಯಾಕ್ ಮಷೀನ್‌ನಲ್ಲಿ ಹಾಕಿದೆ. ಅಡಿಕೆ ಕೊಯ್ಲಿನ ಬರಹ ಸಿಕ್ಕಿತು. ಅವರು ಎಚ್ಚರಿಸಿದ್ದಂತೆಯೇ ಅನುಸ್ವಾರದ ಜಾಗದಲ್ಲೆಲ್ಲ ಸೊನ್ನೆಗಳಿದ್ದವು. ಇದೇ ಕಾರಣಕ್ಕೆ ನಾನು ಅದರ ಸಾಲುಗಳನ್ನು ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲವೆಂದು ಈಗ ಅರ್ಥವಾಯಿತು. ಮೂಲದ ಪ್ರತಿಯನ್ನು ಹಾಗೆಯೇ ಇಟ್ಟು, ತಿದ್ದಿದ ಇನ್ನೊಂದು ಪ್ರತಿಯನ್ನು ಮಾಡಿಕೊಂಡಿದ್ದೇನೆ. ತಂದೆಯ ಅಂಗೈ ಬಂದಿರುವ ಪ್ಯಾರಾವನ್ನು ಕೈಯಲ್ಲಿ ಬರೆದುಕೊಂಡಾಗ ಒಂದು ಹೊಸ ವಿಷಯ ಗಮನಕ್ಕೆ ಬಂತು: ಆ ಪ್ಯಾರಾದಲ್ಲಿ ‘ಅಪ್ಪ’ ಎಂಬ ಪದ ಒಮ್ಮೆಯೂ ಇಲ್ಲ. ಹನ್ನೊಂದು ವಾಕ್ಯಗಳುದ್ದಕ್ಕೂ ಕೈಗಳು ಮಾತ್ರ ಇವೆ. ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಹಾಗಿದ್ದರೆ ಅದು ತಂದೆಯೆಂದು ನಮಗೆ ತಿಳಿದದ್ದು ಹೇಗೆ ಎಂದು ಕೇಳಿದಳು. ಅದರ ಉತ್ತರವನ್ನು ಹುಡುಕುವುದರಲ್ಲೇ ಆ ಅವಧಿ ಮುಗಿಯಿತು.

ಉಳಿದ ಕೊಂಡಿಗಳಲ್ಲಿ ದಿನಕ್ಕೆ ಐದರಂತೆ ತೆಗೆದುಕೊಂಡು ಕೆಲಸ ಮಾಡುತ್ತಿದ್ದೇನೆ. ಉಳಿಸಿಕೊಂಡದ್ದು ಏಕೆಂದು ಒಂದು ಸಾಲು ಬರೆಯಲಾಗದಿದ್ದರೆ ಅದನ್ನು ‘ಅಟ್ಟ’ಕ್ಕೆ ಹಾಕುತ್ತೇನೆ. ಹೊತ್ತಿನ ಪ್ರಕಾರದ ಶೀರ್ಷಿಕೆಗಳು ಸದ್ಯಕ್ಕೆ ನಾಲ್ಕಾಗಿವೆ.

ಅಡಿಕೆ ಕೊಯ್ಲಿನ ಬರಹದ ಕಡತದಲ್ಲಿ ತಾಣದ ಹೆಸರು, ಪ್ರಕಟವಾದ ದಿನಾಂಕ, ಉಳಿಸಿಕೊಂಡ ದಿನಾಂಕ ಎಲ್ಲವನ್ನೂ ತುಂಬಿದ್ದೇನೆ. ಬರೆದವರ ಹೆಸರಿನ ಜಾಗದಲ್ಲಿ ಮಾತ್ರ ‘ಕರ್ತೃ ತಿಳಿದಿಲ್ಲ’ ಎಂದಿದೆ. ಉಳಿದುಕೊಂಡ ಪ್ರತಿಯಲ್ಲಿ ‘ತೋಟದ ಹುಡುಗ’ ಎಂಬ ಕಾವ್ಯನಾಮವಷ್ಟೇ ಇದೆ, ಅವರ ಪರಿಚಯದ ಪುಟದ ಪ್ರತಿ ಆರ್ಕೈವ್‌ನಲ್ಲಿ ಇಲ್ಲ. 2012ರ ಸುಮಾರಿಗೆ ಈ ಹೆಸರಿನಲ್ಲಿ ಮಲೆನಾಡಿನ ಬಗ್ಗೆ ಬರೆಯುತ್ತಿದ್ದವರನ್ನು ಬಲ್ಲವರು ಇಲ್ಲಿದ್ದರೆ, ನನ್ನ ಈ ಪ್ರಶ್ನೆಯನ್ನು ಅವರಿಗೆ ತಲುಪಿಸಿ. ಮಕ್ಕಳು ಅವರಿಗೆ ಪತ್ರ ಬರೆದು ಇಟ್ಟುಕೊಂಡಿದ್ದಾರೆ.